ಮದುವೆ ರೀಲಿನ ಕೊನೆಯ ಅರ್ಧ ನಿಮಿಷ

ಏನಾದರೂ ಕಣ್ಣಿಗೆ ಹಿತವಾಗಿ ಕಂಡರೆ ಸ್ಟುಡಿಯೋ ಅಕ್ಕನ ಎಡಗಣ್ಣು ತಾನಾಗಿಯೇ ಮುಚ್ಚಿಕೊಳ್ಳುತ್ತಿತ್ತು. ಇಪ್ಪತ್ತು ವರ್ಷ ಬಲಗಣ್ಣನ್ನು ಕ್ಯಾಮೆರಾಕ್ಕೆ ಒತ್ತಿಕೊಂಡು ಬದುಕಿದ್ದರ ಫಲ ಅದು. ಬಿಸಿಲಿಗೆ ಹರಡಿದ ಹಪ್ಪಳ ಕಂಡರೂ ಮುಚ್ಚುತ್ತಿತ್ತು, ಕೆರೆ ಏರಿಯ ಮೇಲೆ ಕುರಿಮಂದೆ ಹೋಗುತ್ತಿದ್ದರೂ ಮುಚ್ಚುತ್ತಿತ್ತು. ಗೊತ್ತಿಲ್ಲದವರು ಈ ಹೆಂಗಸು ತಮಗೆ ಕಣ್ಣು ಹೊಡೆದಳು ಎಂದುಕೊಳ್ಳುತ್ತಿದ್ದರು. ಒಮ್ಮೆ ಚಿತ್ರದುರ್ಗದ ಬಸ್ ನಿಲ್ದಾಣದಲ್ಲಿ ಹೊಸ ಪೇಟ ಸುತ್ತಿಕೊಂಡಿದ್ದ ಒಬ್ಬರು ಹಾಗೆಯೇ ತಿಳಿದು, ಮೀಸೆ ನೀವಿಕೊಂಡು ಹತ್ತಿರ ಬಂದು ನಿಂತರು. "ನಿಮ್ಮನ್ನಲ್ಲ ಯಜಮಾನ್ರೆ, ಪೇಟ ನೋಡ್ದೆ. ಕಟ್ಟಿರೋದು ಚೆನ್ನಾಗೈತೆ, ಬಿಚ್ಚಬ್ಯಾಡ್ರಿ" ಎಂದು ಹೇಳಿ ಇವರು ಬಸ್ಸು ಹತ್ತಿದರು. ಪಕ್ಕದಲ್ಲಿದ್ದ ನನಗೆ ನಾಚಿಕೆಯಿಂದ ನೆಲ ಬಾಯಿಬಿಡಬಾರದೆ ಅನ್ನಿಸಿತ್ತು.

ಹೊಳಲ್ಕೆರೆಯಲ್ಲಿ ಚಿಕ್ಕವರು ದೊಡ್ಡವರೆನ್ನದೆ ಎಲ್ಲರಿಗೂ ಅವರು ಸ್ಟುಡಿಯೋ ಅಕ್ಕ. ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಅವರ ತಂದೆ ಇಟ್ಟಿದ್ದ ಫೋಟೋ ಸ್ಟುಡಿಯೋ ಇತ್ತು. ತಂದೆ ತೀರಿಕೊಂಡರು, ತಮ್ಮ ದಾವಣಗೆರೆಯ ಮಿಲ್ಲು ಸೇರಿದ, ಫೋಟೋ ತೊಳೆಯುವ ಕತ್ತಲೆಕೋಣೆ ಅಕ್ಕನ ಪಾಲಿಗೆ ಬಂತು. ಹೆಂಗಸು ಫೋಟೋ ತೆಗೆಯುವುದೆ ಎಂದು ಮೊದಲ ವರ್ಷ ಜನ ನಕ್ಕರಂತೆ. ಎರಡನೆಯ ವರ್ಷಕ್ಕೆ ಸುತ್ತಲ ಹಳ್ಳಿಯ ಹೆಂಗಸರೆಲ್ಲ ಅಲ್ಲಿಗೇ ಬರತೊಡಗಿದರು. ಮುಸ್ಲಿಂ ಕೇರಿಯ ತಾಯಂದಿರು ಹೆಣ್ಣುಮಕ್ಕಳನ್ನು ನಿಶ್ಚಿಂತೆಯಿಂದ ಕರೆತರುತ್ತಿದ್ದರು. ಗಂಡಿನ ಕಡೆಗೆ ಕಳಿಸಲು ಫೋಟೋ ತೆಗೆಸಿಕೊಳ್ಳಲು ಬಂದು, ತಲೆ ತಗ್ಗಿಸಿ ಕೂತ ಹುಡುಗಿಯರಿಗೆ ಅಕ್ಕ ಹೇಳುತ್ತಿದ್ದ ಮಾತು ಒಂದೇ: "ಅವನಿಗಲ್ಲವ್ವ, ನಿನಗೇ ಇಟ್ಕಳೋ ಫೋಟೋ ಅಂತ ತಿಳ್ಕಂಡು ಈ ಕಡೆ ನೋಡು." ಹುಡುಗಿ ತಲೆಯೆತ್ತುತ್ತಿದ್ದಳು. ಆ ಕಾಲದಲ್ಲಿ ನಮ್ಮ ತಾಲೂಕಿನ ಮದುವೆ ಫೋಟೋಗಳಲ್ಲಿ ಹುಡುಗಿಯರು ನೇರ ನೋಡುತ್ತಿದ್ದರೆ ಅದು ಅಕ್ಕನ ಸ್ಟುಡಿಯೋದ್ದು ಎಂದು ನಾನು ಈಗಲೂ ಹೇಳಬಲ್ಲೆ.

ನಾನು ಹಿರಿಯೂರಿನ ಕಡೆಯವಳು. ಎಪ್ಪತ್ತರ ದಶಕ ಶುರುವಾಗುತ್ತಿದ್ದ ಹಾಗೆ ಹೊಳಲ್ಕೆರೆಯ ಪ್ರಾಥಮಿಕ ಶಾಲೆಗೆ ಟೀಚರಾಗಿ ಬಂದೆ. ಸ್ಟುಡಿಯೋದ ಹಿಂದೆ ಬಾಡಿಗೆಗೆ ಎರಡು ರೂಮುಗಳಿದ್ದವು. ಒಂದರಲ್ಲಿ ಹೆರಿಗೆ ಆಸ್ಪತ್ರೆಯ ನರ್ಸು ತಿಪ್ಪಕ್ಕ ಆಗಲೇ ಇದ್ದಳು. ಹೊಸದುರ್ಗದ ಕಡೆ ಕುರಿ ಸಾಕುವ ಮನೆತನ ಅವಳದು; ಮನೆಯಲ್ಲಿ ಶಾಲೆಯ ಮೆಟ್ಟಿಲು ಹತ್ತಿದ ಮೊದಲ ಹೆಣ್ಣು. ಇನ್ನೊಂದು ರೂಮು ನನಗೆ ಸಿಕ್ಕಿತು. ಮಳೆಗಾಲದಲ್ಲಿ ಹೆಂಚು ಸೋರಿತೆಂದು ನಾನು ಚಾಪೆ ಸುತ್ತಿಕೊಂಡು ಅವಳ ರೂಮಿಗೆ ಹೋದೆ. ಹೆಂಚು ಸರಿಮಾಡಿಸಿದ ಮೇಲೂ ಹಿಂತಿರುಗಲಿಲ್ಲ. ಇದಕ್ಕಿಂತ ಬಿಡಿಸಿ ಹೇಳುವುದು ನನ್ನ ವಯಸ್ಸಿಗೆ ಸರಿಕಾಣದು. ಆದರೆ ಮುಚ್ಚಿಡುವ ವಯಸ್ಸೂ ಇದಲ್ಲ. ನಾನು ಅವಳನ್ನು ಪ್ರೀತಿಸಿದೆ, ಅವಳು ನನ್ನನ್ನು.

ಒಂದು ಭಾನುವಾರ ಅಕ್ಕ ಹುರಿಗಾಳಿನ ತಟ್ಟೆ ಹಿಡಿದು ಬಾಗಿಲು ತಳ್ಳಿಕೊಂಡೇ ಒಳಗೆ ಬಂದರು. ನಾನು ತಿಪ್ಪಕ್ಕನ ತಲೆ ಬಾಚಿ ಮುಗಿಸಿ, ಅವಳ ನೆತ್ತಿಯ ಮೇಲೆ ಗದ್ದವೂರಿ ಕೂತಿದ್ದೆ. ಬೆಚ್ಚಿ ದೂರ ಸರಿಯಹೋದೆ. ಅಕ್ಕ ನಿಂತು ನೋಡಿದರು, ಎಡಗಣ್ಣು ಮುಚ್ಚಿತು. "ಅಳ್ಳಾಡಬ್ಯಾಡ್ರಿ, ಹಂಗೇ ಇರ್ರಿ" ಎಂದು ತಟ್ಟೆಯನ್ನು ನೆಲದ ಮೇಲಿಟ್ಟು ಓಡಿಹೋಗಿ ಸಿನಿಮಾ ಕ್ಯಾಮೆರಾ ತಂದರು.

ಆ ಕ್ಯಾಮೆರಾದ ಕಥೆ ಹೇಳಬೇಕು. ಚಿತ್ರದುರ್ಗದ ಹತ್ತಿರದ ತಾಮ್ರದ ಗಣಿಗೆ ಬಂದಿದ್ದ ಹೊರದೇಶದ ಇಂಜಿನಿಯರೊಬ್ಬರು ತಮ್ಮೂರಿಗೆ ಹೊರಡುವಾಗ ಮನೆ ಸಾಮಾನೆಲ್ಲ ಮಾರಿದರು. ಜನ ಮಂಚ ಕೊಂಡರು, ರೇಡಿಯೋ ಕೊಂಡರು. ಅಕ್ಕ ಅಂಗೈ ಮೇಲೆ ಕೂರುವಷ್ಟು ಸಣ್ಣ ಸಿನಿಮಾ ಕ್ಯಾಮೆರಾವನ್ನೂ ಅದರ ಪ್ರೊಜೆಕ್ಟರನ್ನೂ ಹೊತ್ತು ತಂದರು. ಅದಕ್ಕೆ ಹಾಕುವ ರೀಲು ಬೊಂಬಾಯಿಯಿಂದ ಬರಬೇಕು. ತೆಗೆದಾದ ಮೇಲೆ ತೊಳೆಸಲು ಅಂಚೆಯಲ್ಲಿ ಬೊಂಬಾಯಿಗೇ ಹೋಗಬೇಕು. ಒಂದು ರೀಲೆಂದರೆ ಮೂರು ನಿಮಿಷದ ಮೇಲೆ ಸ್ವಲ್ಪ. ಬಣ್ಣವಿತ್ತು, ಮಾತಿರಲಿಲ್ಲ. ನೆಗೆಟಿವ್ ಎಂಬುದೇ ಇಲ್ಲ, ತೆಗೆದ ರೀಲೇ ತೋರಿಸುವ ರೀಲು. ಹರಿದರೆ ಹೋಯಿತು.

ಮದುವೆಗೆ ಸಿನಿಮಾ ತೆಗೆಸುವುದು ಸಾಹುಕಾರರ ಮನೆಗಳಲ್ಲಿ ಆಗತಾನೇ ಹುಟ್ಟಿದ ಷೋಕಿ. ಅಕ್ಕ ಒಪ್ಪಿಕೊಳ್ಳುವಾಗಲೇ ಒಂದು ಕರಾರು ಹಾಕುತ್ತಿದ್ದರು: ರೀಲಿನ ಕೊನೆಯ ಅರ್ಧ ನಿಮಿಷ ನನ್ನದು. ದರ್ಜಿಗೆ ತುಂಡುಬಟ್ಟೆ ಸೇರಿದ ಹಾಗೆ ಇದೂ ಇರಬೇಕೆಂದು ಜನ ತಲೆಯಾಡಿಸುತ್ತಿದ್ದರು. ಆ ಅರ್ಧ ನಿಮಿಷದಲ್ಲಿ ಅಕ್ಕ ತಮ್ಮ ಸ್ವಂತ ಸಿನಿಮಾ ತೆಗೆಯುತ್ತಿದ್ದರು. ರೀಲು ಬೊಂಬಾಯಿಯಿಂದ ತೊಳೆದು ಬಂದಾಗ ಬ್ಲೇಡಿನಿಂದ ತುದಿಯನ್ನು ಕತ್ತರಿಸಿಕೊಂಡು, ಮದುವೆಯನ್ನು ಮದುವೆಯವರಿಗೆ ಕೊಟ್ಟು, ತಮ್ಮ ತುಂಡನ್ನು ಹಿಂದಿನ ತುಂಡಿಗೆ ಅಂಟಿಸಿಕೊಳ್ಳುತ್ತಿದ್ದರು.

ಅವರ ಸಿನಿಮಾಗಳಲ್ಲಿ ಇರುತ್ತಿದ್ದವರು ಇಬ್ಬರು ಹೆಂಗಸರು, ಅಷ್ಟೆ. ಮೊದಲನೆಯದರಲ್ಲಿ ಮುಖವೂ ಇಲ್ಲ. ರಾಗಿ ಬೀಸುವ ಕಲ್ಲಿನ ಗೂಟವನ್ನು ಹಿಡಿದ ಎರಡು ಕೈಗಳು. ಒಂದರ ಮೇಲೊಂದು ಸುತ್ತುತ್ತವೆ, ಹಿಟ್ಟು ಉದುರುತ್ತದೆ. ಒಂದು ಕೈ ದಣಿದರೆ ಇನ್ನೊಂದು ಅದನ್ನು ಮೆಲ್ಲಗೆ ಸರಿಸಿ ತಾನೇ ತಿರುಗಿಸುತ್ತದೆ. ಅದನ್ನು ನಾನು ಇನ್ನೊಂದು ಸಲ ಹಾಕಿಸಿಕೊಂಡು ನೋಡಿದೆ. ಯಾಕೆ ಇಂಥವನ್ನೇ ತೆಗೆಯುತ್ತೀರಿ ಎಂದು ಕೇಳಿದ್ದಕ್ಕೆ ಅಕ್ಕ ಸಿಡುಕಿದರು. "ಸಿನಿಮಾ ಟೆಂಟಿನಾಗೆ ಹೋಗಿ ನೋಡು ಟೀಚರಮ್ಮ. ಇಬ್ರು ಹೆಂಗಸ್ರು ಬಂದ್ರೆ ಒಬ್ಬ ಗಂಡಸಿಗೋಸ್ಕರ ಕಿತ್ತಾಡ್ತಾರೆ. ಕೊನೆಗೆ ಒಬ್ಬಾಕಿ ಬಾವಿಗೆ ಬೀಳ್ತಾಳೆ. ನನ್ನ ಸಿನಿಮಾದಾಗೆ ಯಾರೂ ಸಾಯಲ್ಲ. ಊಟ ಮಾಡ್ತಾರೆ, ತಲೆ ಬಾಚ್ಕಂತಾರೆ, ಜಗಳ ಆಡ್ತಾರೆ, ಮತ್ತೆ ಊಟ ಮಾಡ್ತಾರೆ." ಆಮೇಲೆ ತಮಗೂ ಒಬ್ಬ ಗೆಳತಿ ಇದ್ದಳೆಂದರು. "ಐಮಂಗಲಕ್ಕೆ ಕೊಟ್ರು. ಆಕಿ ಚೆನ್ನಾಗವ್ಳೆ, ನಾನೂ ಚೆನ್ನಾಗಿದೀನಿ. ಜೊತೆಗಿಲ್ಲ ಅಷ್ಟೆ." 

ತಲೆ ಬಾಚಿದ ಆ ಭಾನುವಾರದಿಂದ ನಾವಿಬ್ಬರೂ ಅವರ ದೊಡ್ಡ ಸಿನಿಮಾದ ಪಾತ್ರಧಾರಿಗಳಾದೆವು. ದೊಡ್ಡದೆಂದರೆ ಅಕ್ಕನ ಲೆಕ್ಕಕ್ಕೆ ಹತ್ತು ನಿಮಿಷ. ಅದು ಮುಗಿಯಲು ಎಷ್ಟು ಮದುವೆ ಬೇಕೆಂದು ನೀವೇ ಯೋಚಿಸಿ! ಮುಹೂರ್ತ ಇದ್ದಾಗ ನಮ್ಮ ಸಿನಿಮಾ ಓಡುತ್ತಿತ್ತು, ಆಷಾಢ ಬಂದರೆ ನಿಲ್ಲುತ್ತಿತ್ತು. ಅಕ್ಕ ಮದುವೆಮನೆಯಿಂದ ಬಂದವರೇ ಬೀದಿಯಿಂದಲೇ ಕೂಗುತ್ತಿದ್ದರು, "ಬರ್ರೇ, ಅರ್ಧ ನಿಮಿಷ ಐತೆ!" ಬಾಯಲ್ಲಿ ಮುದ್ದೆಯಿದ್ದರೆ ನುಂಗಿಕೊಂಡು ಓಡಬೇಕು. ಸಿನಿಮಾಕ್ಕೆಂದೇ ಇಬ್ಬರಿಗೂ ಒಂದೊಂದು ಸೀರೆ ಗೊತ್ತುಮಾಡಿದ್ದರು. ಎರಡು ವರ್ಷ ಒಗೆದು ಒಗೆದು ಆ ಸೀರೆಗಳ ಬಣ್ಣ ಹೋಯಿತು. ಸಿನಿಮಾದಲ್ಲೂ ನೋಡುತ್ತಿದ್ದ ಹಾಗೇ ನಮ್ಮ ಸೀರೆ ಮಾಸುತ್ತದೆ. ನಾನು ಗೊಣಗಿದರೆ, "ಸಂಸಾರ ಅಂದ ಮೇಲೆ ಮಾಸಬಾರದಾ?" ಎಂದರು.

ಜೋಗಿಮಟ್ಟಿ ಬೆಟ್ಟದ ಗಾಳಿಯಲ್ಲಿ ತಿಪ್ಪಕ್ಕನ ಸೆರಗು ನನ್ನ ಮುಖ ಮುಚ್ಚುವುದನ್ನು ತೆಗೆದರು. ಹಿರಿಯೂರಿನ ಮಾರಿಕಣಿವೆಯ ಅಣೆಕಟ್ಟೆಯ ಮೇಲೆ ಇಬ್ಬರೂ ಜಗಳವಾಡಿ ಆ ತುದಿಗೊಬ್ಬರು ಈ ತುದಿಗೊಬ್ಬರು ಕೂರುವುದನ್ನು ತೆಗೆದರು. ಆ ಜಗಳ ನಿಜದ್ದೇ. ಬುತ್ತಿಗೆ ಚಟ್ನಿಪುಡಿ ಹಾಕಲು ನಾನು ಮರೆತಿದ್ದೆ. ಹತ್ತು ಸಲ ಆಡಿಸಿ ನೋಡಿ, ಒಂದೇ ಸಲ ತೆಗೆಯುವುದು ಅಕ್ಕನ ಪದ್ಧತಿ. ಕ್ಯಾಮೆರಾ ಶುರುವಾದ ಮೇಲೆ ಬಾಯಲ್ಲಿ ಮೆಲ್ಲಗೆ ಮೂವತ್ತರವರೆಗೆ ಎಣಿಸುತ್ತಿದ್ದರು. ಇಪ್ಪತ್ತೈದಕ್ಕೆ ಬಂದರೂ ನಾನು ಹೆದರಿದ ಮುಖದಲ್ಲೇ ಇದ್ದರೆ, "ಇನ್ನೂ ಐದು ಐತೆ, ಐದ್ರಾಗಾದ್ರೂ ನಗು" ಎನ್ನುತ್ತಿದ್ದರು.

ಭರಮಸಾಗರದ ಹತ್ತಿ ಸಾಹುಕಾರರ ಮನೆಯ ಮದುವೆ ಮುಗಿಸಿ ಬಂದ ದಿನ ಅಕ್ಕ ಅರಿಶಿನದ ದಾರ, ಎರಡು ಅರಿಶಿನದ ಕೊಂಬು ತಂದಿದ್ದರು. "ಇವತ್ತು ಕಂಕಣ" ಎಂದರು. ಮದುಮಗ ಮದುಮಗಳಿಗೆ ಕಟ್ಟುವ ಕಂಕಣ! ನಾನು ಬೇಡವೆಂದೆ. ತಿಪ್ಪಕ್ಕ ಆಗತಾನೇ ಒಂದು ಹೆರಿಗೆ ಮಾಡಿಸಿ ಬಂದು ಕೈ ತೊಳೆಯುತ್ತಿದ್ದಳು. ಕೈ ಒರೆಸಿಕೊಂಡು ಮಣಿಕಟ್ಟು ಚಾಚಿದಳು. ನಾನು ಅವಳಿಗೆ ಕಟ್ಟಿದೆ, ಗಂಟು ಎರಡು ಸಲ ಜಾರಿತು. ಅವಳು ನನಗೆ ಕಟ್ಟಿದಳು, ಒಂದೇ ಸಲಕ್ಕೆ ಬಿಗಿಯಾಯಿತು. ಆಮೇಲೆ ನನ್ನ ಕೈಯನ್ನೆತ್ತಿ ಆ ಗಂಟಿನ ಮೇಲೆ ಮುತ್ತಿಟ್ಟಳು. ಅದನ್ನು ಅಕ್ಕ ಹೇಳಿಕೊಟ್ಟಿರಲಿಲ್ಲ. ರೀಲು ಟಕ್ಕೆಂದು ಮುಗಿಯಿತು. ಮಾರನೆಯ ದಿನ ಶಾಲೆಗೆ ಹೋಗುವ ಮುಂಚೆ ನಾನು ಕಂಕಣ ಬಿಚ್ಚಿಟ್ಟೆ. ತಿಪ್ಪಕ್ಕ ತನ್ನದನ್ನು ವಾಚಿನ ಪಟ್ಟಿಯ ಕೆಳಗೆ ಸೇರಿಸಿಕೊಂಡು ಆಸ್ಪತ್ರೆಗೆ ಹೋದಳು. ನಾನು ಎಂಥವಳು, ಅವಳು ಎಂಥವಳು ಎಂಬುದು ಇಷ್ಟರಲ್ಲೇ ಗೊತ್ತಾಗುತ್ತದೆ.

ಇನ್ನು ತಪ್ಪಿನ ವಿಷಯ. ಅದು ಪೂರ್ತಿ ನನ್ನದು. ಒಂದು ಭಾನುವಾರ ಅಕ್ಕ ಹೊಸದುರ್ಗದ ಮದುವೆಗೆ ಹೋಗಿದ್ದರು, ಸ್ಟುಡಿಯೋ ನೋಡಿಕೊಳ್ಳಲು ನಾನು ಕೂತಿದ್ದೆ. ಹಿಂದಿನ ದಿನ ಬೊಂಬಾಯಿಯಿಂದ ಬಂದ ಪಾರ್ಸೆಲ್ ಮೇಜಿನ ಮೇಲಿತ್ತು. ಭರಮಸಾಗರದ ಸಾಹುಕಾರರು ಕಾರಿನಲ್ಲಿ ಬಂದಿಳಿದು, "ನಮ್ಮ ಸಿನಿಮಾ ಬಂತೇನಮ್ಮ?" ಎಂದರು. ಕಾರು, ರೇಷ್ಮೆ ಶಲ್ಯ, ಹಿಂದಿನ ಸೀಟಿನಲ್ಲಿ ಹೊಸ ಮದುಮಗಳು. ನನಗೆ ಏನು ಹಿಗ್ಗು ಬಂತೋ, ಪಾರ್ಸೆಲನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಕಾರು ಬೀದಿ ತಿರುಗಿದ ಮೇಲೂ ಬೀಗುತ್ತಲೇ ಇದ್ದೆ. ಸಂಜೆ ಅಕ್ಕ ಬಂದು, "ಲೇ, ತುದಿ ಕತ್ತರಿಸಿರಲಿಲ್ವಲ್ಲೇ" ಎಂದಾಗ ಅಲ್ಲೇ ನೆಲದ ಮೇಲೆ ಕೂತೆ.

ಭರಮಸಾಗರದಲ್ಲಿ ಬೇರೆ ಯಾರು ನೋಡಿದರೂ ಹೇಗೋ ಆಗುತ್ತಿತ್ತು. ಆದರೆ ನನ್ನ ಸೋದರತ್ತೆ, ಅಪ್ಪನ ಅಕ್ಕ, ಅದೇ ಊರಿನವಳು, ಸಾಹುಕಾರರ ಮನೆಗೆ ಬೇಕಾದವಳು. ನನ್ನನ್ನು ತನ್ನ ಮಗನಿಗೆ ತಂದುಕೊಳ್ಳಬೇಕೆಂದು ಮೂರು ವರ್ಷದಿಂದ ಕಾದಿದ್ದಳು. ಇವತ್ತು ನಾಳೆ ಎಂದು ನಾನು ದೂಡುತ್ತಿದ್ದೆ. ಅವಳು ಆ ಅರ್ಧ ನಿಮಿಷ ಕಂಡರೆ ಅಪ್ಪನಿಗೆ ತಿಳಿಯುತ್ತದೆ. ಅಪ್ಪನಿಗೆ ತಿಳಿದರೆ ಕೆಲಸ ಬಿಡಿಸಿ ಕರೆದೊಯ್ಯುತ್ತಾರೆ. ತಿಪ್ಪಕ್ಕನ ಜೊತೆಗಿನ ಬದುಕು ಅಲ್ಲಿಗೆ ಮುಗಿಯುತ್ತದೆ. ಆ ಒಂದು ವಾರ ನಾನು ಅನ್ನ ತಿನ್ನಲಿಲ್ಲ ಎಂದರೆ ಸುಳ್ಳಾದೀತು. ತಿಂದೆ, ರುಚಿ ಹತ್ತಲಿಲ್ಲ.

ಅಕ್ಕ ಹೇಳಿಕಳಿಸಿ ನೋಡಿದರು, ರೀಲು ಒಂದು ಸಲ ಒರೆಸಿ ಕೊಡಬೇಕು ವಾಪಸ್ ಕೊಡ್ರಿ ಎಂದು. ಸಾಹುಕಾರರ ಉತ್ತರ ಬಂತು: ರೀಲಿಗೆ ಕುಂಕುಮ ಹಚ್ಚಿ ದೇವರ ಮುಂದೆ ಇಟ್ಟಿದೆ, ಹೊತ್ತು ನೋಡಿಸಿ ಬರುವ ಭಾನುವಾರ ಮಧ್ಯಾಹ್ನ ಮೂರಕ್ಕೆ ತೆಗೆಯುವುದು, ಅಲ್ಲಿಯವರೆಗೆ ಹೊರಗೆ ಬರುವುದಿಲ್ಲ, ನೀವು ಯಂತ್ರ ತಗೊಂಡು ಬನ್ನಿ. ನಮ್ಮ ಕಡೆ ದೇವರ ಮನೆ ಸೇರಿದ ವಸ್ತುವನ್ನು ಹೊತ್ತಿಗೆ ಮುಂಚೆ ಅಲುಗಿಸುವವರಿಲ್ಲ. ಉಳಿದದ್ದು ಒಂದೇ ದಾರಿ. ಪ್ರೊಜೆಕ್ಟರ್ ನಡೆಸುವವರು ಅಕ್ಕ ತಾನೆ? ಮದುವೆ ಮುಗಿದ ಕೂಡಲೇ ದೀಪ ಆರಿಸಿಬಿಡುವುದು.

ಭಾನುವಾರ ಮೂವರೂ ಬಸ್ಸಿನಲ್ಲಿ ಹೊರಟೆವು. ಪ್ರೊಜೆಕ್ಟರ್ ಅಕ್ಕನ ತೊಡೆಯ ಮೇಲೆ, ಬಿಳಿ ಪರದೆ ನನ್ನ ಹತ್ತಿರ, ಕಿಟಕಿ ಬಾಗಿಲಿಗೆ ಮುಚ್ಚಲು ತಿಪ್ಪಕ್ಕನ ತವರಿನ ಕರಿಕಂಬಳಿಗಳು ಅವಳ ಹೆಗಲ ಮೇಲೆ. "ಮರೆಯಬ್ಯಾಡ್ರಿ ಅಕ್ಕ, ಹುಡುಗಿ ಕಾರು ಹತ್ತಿದ ತಕ್ಷಣ ಆರಿಸ್ರಿ" ಎಂದು ನಾನು ದಾರಿಯುದ್ದ ಹೇಳಿದೆ.

"ಆರಿಸೋದು ಒಂದು ಬೆರಳಿನ ಕೆಲಸ ಕಣೆ. ಅದ್ರಾಗಿರೋರು ನೀವಿಬ್ರು, ನೀವು ಹೇಳಿದಂಗೆ. ನರ್ಸಮ್ಮ ಏನಂತಾಳೆ?"

ತಿಪ್ಪಕ್ಕ ಕಿಟಕಿಯಾಚೆ ನೋಡುತ್ತಿದ್ದಳು. "ಅವಳು ಹೇಳಿದಂಗೇ ಮಾಡ್ರಿ" ಎಂದಳು. 

ಸಾಹುಕಾರರ ಮನೆಯ ನಡುಮನೆಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಂಬಳಿ ಕಟ್ಟಿದ ಮೇಲೆ ನಡುಹಗಲಲ್ಲೂ ಒಳಗೆ ಕತ್ತಲೆಯಾಯಿತು. ಕಂಬಳಿ ಸರಿಯದಂತೆ ಹಿಡಿದುಕೊಂಡು ತಿಪ್ಪಕ್ಕ ಬಾಗಿಲಲ್ಲಿ ನಿಂತಳು. ಮುಂದಿನ ಸಾಲಿನಲ್ಲಿ ಮದುಮಗಳ ಅಜ್ಜಿ, ಪಕ್ಕದಲ್ಲಿ ನನ್ನ ಸೋದರತ್ತೆ. ಸಾಹುಕಾರರು ಮಂಗಳಾರತಿ ಮಾಡಿ ರೀಲನ್ನು ಅಕ್ಕನ ಕೈಗೆ ಕೊಟ್ಟರು. ಪರದೆಯ ಮೇಲೆ ಮದುವೆ ಶುರುವಾಯಿತು. ತಮ್ಮ ತಮ್ಮ ಮುಖ ಕಂಡವರೆಲ್ಲ ಕೂಗಿದರು. ಅಡುಗೆಯವನು ಕಾಣಿಸಿಕೊಂಡಾಗಲಂತೂ ಮನೆಯೇ ಹಾರಿಹೋಗುವಷ್ಟು ನಗೆ. ಕಡೆಗೆ ಮದುಮಗಳು ಅಳುತ್ತ ಕಾರು ಹತ್ತಿದಳು, ಬಾಗಿಲು ಮುಚ್ಚಿತು, ಧೂಳೆದ್ದಿತು.

ಅಕ್ಕನ ಹೆಬ್ಬೆರಳು ಸ್ವಿಚ್ಚಿನ ಮೇಲಿತ್ತು. ನನ್ನ ಕಡೆ ನೋಡಿದರು. ನಾನು ಬಾಗಿಲ ಕಡೆ ನೋಡಿದೆ. ತಿಪ್ಪಕ್ಕ ಪರದೆಗೆ ಬೆನ್ನು ಮಾಡಿ, ಮುಖವನ್ನು ಕಂಬಳಿಗೆ ತಿರುಗಿಸಿಕೊಂಡು ನಿಂತಿದ್ದಳು. ಆರಿಸುವುದನ್ನು ನೋಡಲು ಅವಳಿಗೆ ಮನಸ್ಸಿರಲಿಲ್ಲ. ನಾನು ಆರಿಸಿಯೇ ಆರಿಸುತ್ತೇನೆಂದು ಅವಳಿಗೆ ಅಷ್ಟು ಖಾತ್ರಿ! ಆ ಖಾತ್ರಿ ನನ್ನ ಎದೆಗೆ ನಾಟಿತು. ಇವಳ ಕಣ್ಣಿನಲ್ಲಿ ನಾನು ಇಷ್ಟೇನೆ ಎಂದು ಸಿಟ್ಟು ಬಂತು, ಮೊದಲು ಅವಳ ಮೇಲೆ, ಆಮೇಲೆ ನನ್ನ ಮೇಲೆ. ಅಕ್ಕನ ಮಣಿಕಟ್ಟು ಹಿಡಿದು ಕೈಯನ್ನು ಸ್ವಿಚ್ಚಿನಿಂದ ಈಚೆಗೆ ತಂದೆ.

ಪರದೆಯ ಮೇಲೆ ನಾವಿಬ್ಬರೂ ಬಂದೆವು. ನಾನು ದಾರ ಕಟ್ಟುತ್ತಿದ್ದೇನೆ, ಗಂಟು ಜಾರುತ್ತಿದೆ. ಅವಳು ಕಟ್ಟುತ್ತಿದ್ದಾಳೆ. ನನ್ನ ಕೈಯನ್ನೆತ್ತಿ ಮುತ್ತಿಡುತ್ತಿದ್ದಾಳೆ. ಪ್ರೊಜೆಕ್ಟರ್ ಗಿರಗಿರ ಎನ್ನುತ್ತಲೇ ಇದೆ. ಆ ಸದ್ದು ಇನ್ನೂ ನಿಲ್ಲದ್ದು ಕೇಳಿ ತಿಪ್ಪಕ್ಕ ತಿರುಗಿ ನೋಡಿದಳು. ಅವಳ ಮುಖ ಆಗ ಹೇಗಿತ್ತು ಎಂಬುದನ್ನು ಬರೆಯಲು ನನಗೆ ಬಾರದು.

ಮದುಮಗಳ ಅಜ್ಜಿಗೆ ಕಣ್ಣು ಮಂಜು. "ಇದ್ಯಾರ ಮದುವಿ? ಗಂಡೆಲ್ಲಿ?" ಎಂದಳು.

"ಗಂಡಿಲ್ಲಜ್ಜಿ. ಇಬ್ರೇ ಅವ್ರೆ" ಎಂದು ಯಾರೋ ಹೇಳಿದರು.

"ಮದುವಿಗೆ ಇಬ್ರಿದ್ರೆ ಸಾಕಲ್ಲ" ಎಂದು ಅಜ್ಜಿ ಎಲೆಯಡಿಕೆಯ ಚೀಲಕ್ಕೆ ಕೈಹಾಕಿದಳು.

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಸಾಹುಕಾರರು ಮಾತ್ರ ಎದ್ದು ನಿಂತರು. "ಏನಮ್ಮ ಇದು, ನಮ್ಮ ಹುಡುಗಿ ಮದುವಿ ರೀಲಿನಾಗೆ?" ಎಂದು ಕೇಳಿದರು. ಅಕ್ಕ ದೀಪ ಹಾಕಿಸಿ, ಎಲ್ಲರೆದುರಿಗೆ ಬ್ಲೇಡು ತೆಗೆದು ತುದಿಯನ್ನು ಕತ್ತರಿಸಿಕೊಂಡರು. "ಇದು ನಂದು, ಮೊದ್ಲೇ ಹೇಳಿದ್ದೆ. ಅದು ನಿಮ್ದು. ಹುಡುಗಿ ಮದುವಿ ಚೆನ್ನಾಗಿ ಬಂದೈತೆ, ಇಟ್ಕಳ್ರಿ." ತುಂಡನ್ನು ಸುತ್ತಿ ಚೀಲಕ್ಕೆ ಹಾಕಿಕೊಂಡರು. ಸಾಹುಕಾರರು ನಮಗೆ ಕಾಫಿಯನ್ನೂ ಕೊಡಲಿಲ್ಲ.

ಸೋದರತ್ತೆ ನನ್ನ ರಟ್ಟೆ ಹಿಡಿದು ಹಿತ್ತಲಿಗೆ ಎಳೆದೊಯ್ದಳು. "ಇದು ಆಟನೋ, ನಿಜನೋ?"

"ನಿಜ ಅತ್ತೆ."

ಹೊಡೆಯುತ್ತಾಳೆಂದು ನಾನು ಕಣ್ಣು ಮುಚ್ಚಿದೆ. ಹೊಡೆಯಲಿಲ್ಲ. "ಮೂರು ವರ್ಷ ನನ್ನ ಮಗನ್ನ ಕಾಯಿಸಿದೆಲ್ಲೇ! ಮೊದ್ಲೇ ಬೊಗಳಾಕೆ ಏನಾಗಿತ್ತು? ಎಂಥೆಂಥ ಸಂಬಂಧ ಬಂದಿದ್ವು ಅವನಿಗೆ!" ಎಂದು ಅತ್ತಳು. ಮೂಗು ಒರೆಸಿಕೊಂಡು, ಬಾಗಿಲ ಕಂಬಳಿ ಮಡಚುತ್ತಿದ್ದ ತಿಪ್ಪಕ್ಕನನ್ನು ಕಾಲಿನಿಂದ ತಲೆಯವರೆಗೆ ನೋಡಿದಳು. "ನಿಮ್ಮಪ್ಪಗೆ ನಾನು ಹೇಳ್ತೀನಿ. ನೀನು ಹೇಳಾಕೆ ಹೋಗಬ್ಯಾಡ, ಏಟು ಬಿದ್ದಾವು" ಎಂದು ಹೊರಟುಹೋದಳು.

ಅವಳು ಅಪ್ಪನಿಗೆ ಏನು ಹೇಳಿದಳೋ ನನಗೆ ಇವತ್ತಿಗೂ ಗೊತ್ತಿಲ್ಲ. ಅಪ್ಪನ ಕಾರ್ಡು ಬಂತು: ನಿನ್ನ ಅತ್ತೆ ಬಂದಿದ್ದಳು, ಹಬ್ಬಕ್ಕೆ ಬರುವುದು ಬೇಡ. ಕರೆದೊಯ್ಯಲು ಮಾತ್ರ ಯಾರೂ ಬರಲಿಲ್ಲ. ಎರಡು ವರ್ಷವಾದ ಮೇಲೆ ಇನ್ನೊಂದು ಕಾರ್ಡು ಬಂತು: ಯುಗಾದಿಗೆ ಬಾ, ರಜೆ ಇದ್ದರೆ ನರ್ಸಮ್ಮನೂ ಬರಲಿ. ಆ ಕಾರ್ಡು ಓದಿ ತಿಪ್ಪಕ್ಕ ಹೋಳಿಗೆ ತಿನ್ನುವ ಆಸೆಗೆ ರಜೆ ಬರೆದಳೋ, ಅಪ್ಪನ ಕಾಲಿಗೆ ಬೀಳಲು ಬರೆದಳೋ, ನಾನು ಕೇಳಲಿಲ್ಲ. ಎರಡನ್ನೂ ಮಾಡಿದಳು.

ಅಕ್ಕನಿಗೆ ಮಾತ್ರ ಪೆಟ್ಟು ಬಿತ್ತು. ಭರಮಸಾಗರದ ಕಡೆಯ ಮದುವೆಗಳು ನಿಂತವು, ಚಿತ್ರದುರ್ಗದ ಒಂದೆರಡು ದೊಡ್ಡ ಮನೆಗಳೂ ಬೇರೆ ಸ್ಟುಡಿಯೋ ನೋಡಿಕೊಂಡವು. ನಾನು ಅಳುತ್ತ ಕ್ಷಮೆ ಕೇಳಿದೆ. "ಮದುವಿಗೇನು ಬರ ಬಂದೈತಾ? ಹೊಸದುರ್ಗದಾಗೆ ಹುಡುಗೀರಿಲ್ವಾ? ಹೋಗಾಣ ಅಲ್ಲಿಗೆ" ಎಂದರು. ಹೋದರು ಕೂಡ. ನಮ್ಮ ಸಿನಿಮಾ ಮತ್ತೊಂದು ವರ್ಷ ತಡವಾಗಿ ಮುಗಿಯಿತು.

ಮುಗಿದ ಸಿನಿಮಾವನ್ನು ಬೆಂಗಳೂರಿನ ಸಿನಿಮಾ ಆಸಕ್ತರ ಒಂದು ಕೂಟಕ್ಕೆ ಒಯ್ದಿದ್ದರು. ಅಲ್ಲಿಯ ದೊಡ್ಡವರು ನೋಡಿ, ಇದರಲ್ಲಿ ಕಥೆ ಎಲ್ಲಿದೆ ಎಂದು ಕೇಳಿದರಂತೆ. ಮುಂದಿನ ಬಸ್ಸಿಗೇ ವಾಪಸು ಬಂದು ಅಕ್ಕ ಹೊಟ್ಟೆ ಹಿಡಿದುಕೊಂಡು ನಕ್ಕರು. "ಯಾರೂ ಬಾವಿಗೆ ಬೀಳಲಿಲ್ಲ ಅಂತ ಬೇಜಾರು ಅವ್ರಿಗೆ!" ಆಮೇಲೆ ಎಲ್ಲಿಗೂ ಕಳಿಸಲಿಲ್ಲ. ಖಾಲಿ ಬಿದ್ದಿದ್ದ ನನ್ನ ಹಳೆಯ ರೂಮಿನಲ್ಲಿ ಕಂಬಳಿ ಕಟ್ಟಿ, ಭಾನುವಾರ ಮಧ್ಯಾಹ್ನ ತೋರಿಸತೊಡಗಿದರು. ಪ್ರಚಾರವಿಲ್ಲ, ಟಿಕೆಟ್ಟಿಲ್ಲ. ಆಸ್ಪತ್ರೆಯ ಆಯಾ ತನ್ನ ಗೆಳತಿಯನ್ನು ಕರೆತಂದಳು. ಆ ಗೆಳತಿ ಹಿರಿಯೂರಿನಿಂದ ಇಬ್ಬರು ಟೀಚರುಗಳನ್ನು ಕಳಿಸಿದಳು. ಬಾಣಂತಿ ನೋಡಲು ಬರುವ ಹಾಗೆ ಕೈಯಲ್ಲಿ ಬಾಳೆಹಣ್ಣೋ ಮಂಡಕ್ಕಿಯೋ ಹಿಡಿದು ಮೂವರು ನಾಲ್ವರು ಬರುತ್ತಿದ್ದರು. ಕೆಲವರು ನಕ್ಕು ಹೋಗುತ್ತಿದ್ದರು. ಕೆಲವರು ಇನ್ನೊಂದು ಸಲ ಹಾಕಿ ಎನ್ನುತ್ತಿದ್ದರು. ಒಬ್ಬಳು ಹೋಗುವಾಗ ತಿಪ್ಪಕ್ಕನ ಕೈಯನ್ನು ಹಿಡಿದುಕೊಂಡು ಬಿಡಲೇ ಇಲ್ಲ.

ಒಂದು ಭಾನುವಾರ ಐಮಂಗಲದಿಂದ ಒಬ್ಬರು ಬಂದರು. ಅಕ್ಕನ ವಯಸ್ಸಿನವರು, ಕೈತುಂಬ ಹಸಿರು ಬಳೆ. ಹೆಸರು ಹೇಳಬೇಕಾಗಿರಲಿಲ್ಲ, ಅಕ್ಕ ಅವರನ್ನು ಕಂಡವರೇ ಪ್ರೊಜೆಕ್ಟರಿಗೆ ರೀಲನ್ನು ತಲೆಕೆಳಗಾಗಿ ಹಾಕಿದರು. ಅಷ್ಟು ವರ್ಷದಲ್ಲಿ ಅವರು ಅಂಥ ತಪ್ಪು ಮಾಡಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಆ ದಿನ ಅಕ್ಕ ನಮ್ಮ ಸಿನಿಮಾ ಹಾಕಲಿಲ್ಲ, ರಾಗಿ ಬೀಸುವ ಕೈಗಳದ್ದನ್ನು ಹಾಕಿದರು. ನೋಡಿ ಮುಗಿದ ಮೇಲೆ ಐಮಂಗಲದವರು, "ಕಲ್ಲು ನಮ್ಮನೇದು" ಎಂದರು. "ಹೂಂ. ನೀನು ಹೋದ ಮ್ಯಾಲೆ ನಿಮ್ಮವ್ವನ್ನ ಕೇಳಿ ತಂದೆ" ಎಂದರು ಅಕ್ಕ. ನಾನೂ ತಿಪ್ಪಕ್ಕನೂ ಮೆಲ್ಲಗೆ ಹೊರಗೆ ಬಂದು ಬಾಗಿಲು ಮುಂದೆ ಮಾಡಿದೆವು. ಸಂಜೆಯ ಬಸ್ಸಿಗೆ ಅವರನ್ನು ಹತ್ತಿಸಿ ಬಂದ ಅಕ್ಕ ಅತ್ತಿರಲಿಲ್ಲ. ಉಪ್ಪಿಟ್ಟು ಮಾಡಿಸಿಕೊಂಡು ಎರಡು ಸಲ ಹಾಕಿಸಿಕೊಂಡು ತಿಂದರು. ಆಮೇಲೂ ವರ್ಷಕ್ಕೊಂದೆರಡು ಸಲ ಅವರು ಬರುತ್ತಿದ್ದರು, ಸಿನಿಮಾ ನೋಡುವ ನೆವ ಮಾಡಿಕೊಂಡು.

ದಶಕ ಮುಗಿಯುವ ಹೊತ್ತಿಗೆ ಅಕ್ಕನಿಗೆ ಉಬ್ಬಸ ಜೋರಾಯಿತು. ಕತ್ತಲೆಕೋಣೆಯಲ್ಲಿ ಫೋಟೋ ತೊಳೆಯುವ ಔಷಧಿಯ ಗಾಳಿ ಕುಡಿದದ್ದರಿಂದ ಎಂದು ಡಾಕ್ಟರು ಹೇಳಿದರು. ತಿಪ್ಪಕ್ಕ ದಿನಕ್ಕೆ ಎರಡು ಸಲ ಸೂಜಿ ಹಾಕುತ್ತಿದ್ದಳು, ನಾನು ದಿಂಬು ಏರಿಸಿ ಕೂರಿಸುತ್ತಿದ್ದೆ. ಒಂದು ಬೆಳಿಗ್ಗೆ ಕಷ್ಟಪಟ್ಟು ಸೀರೆ ಉಟ್ಟುಕೊಂಡು, "ನಡೀರಿ, ಸಬ್‌ರಿಜಿಸ್ಟ್ರಾರ್ ಆಫೀಸಿಗೆ ಹೋಗಾಣ" ಎಂದರು. ತಮ್ಮನನ್ನು ದಾವಣಗೆರೆಯಿಂದ ಮೊದಲೇ ಕರೆಸಿದ್ದರು, ಅವನು ಒಪ್ಪಿದ್ದ. ಸ್ಟುಡಿಯೋವನ್ನೂ ಹಿಂದಿನ ರೂಮುಗಳನ್ನೂ ನಮ್ಮಿಬ್ಬರ ಹೆಸರಿಗೆ ದಾನಪತ್ರ ಬರೆಸುವುದೆಂದು ನಮಗೆ ಗೊತ್ತಾದದ್ದು ಅಲ್ಲಿ ಬೆಂಚಿನ ಮೇಲೆ ಕೂತ ನಂತರ.

ಪತ್ರ ಬರೆಯುವವರು ಕನ್ನಡಕದ ಮೇಲಿಂದ ನಮ್ಮನ್ನು ನೋಡಿದರು. "ಇವ್ರಿಬ್ರೂ ಏನಾಗಬೇಕು? ಅಕ್ಕ ತಂಗಿ ಅಂತ ಬರೀಲಾ?"

"ಅಲ್ಲ. ಒಂದೇ ಒಲೆಯವ್ರು ಅಂತ ಬರೀರಿ" ಎಂದರು ಅಕ್ಕ.

"ಹಂಗೆ ಬರಿಯೋ ಪದ್ಧತಿ ಇಲ್ಲಮ್ಮ."

"ನೀವು ಬರದ್ರೆ ಆಗ್ತೈತೆ. ಬರೀರಿ, ನನಗೆ ಉಸಿರು ಕಮ್ಮಿ ಐತೆ, ವಾದ ಮಾಡಿಸಬ್ಯಾಡ್ರಿ."

ಅವರು ಬರೆದರು. ಒಳಗೆ ಗುಮಾಸ್ತ ಪತ್ರವನ್ನು ಸಾಕ್ಷಿಗಳ ಮುಂದೆ ಗಟ್ಟಿಯಾಗಿ ಓದಿದ. ನನ್ನ ಹೆಸರು, ತಂದೆಯ ಹೆಸರು, ಊರು, ತಿಪ್ಪಕ್ಕನ ಹೆಸರು, ತಂದೆಯ ಹೆಸರು, ಊರು, "ಈ ಇಬ್ಬರೂ ಒಂದೇ ಒಲೆಯವರಾಗಿದ್ದು." ಕಚೇರಿಯಲ್ಲಿ ಜಮೀನಿನ ಕೆಲಸಕ್ಕೆ ಬಂದ ರೈತರು ತುಂಬಿದ್ದರು. ಯಾರೂ ತಲೆಯೆತ್ತಿ ನೋಡಲಿಲ್ಲ. ಗುಮಾಸ್ತ ಆಕಳಿಸಿ ಮೊಹರು ಒತ್ತಿದ. ನನಗೂ ತಿಪ್ಪಕ್ಕನಿಗೂ ಹೆಬ್ಬೆರಳಿಗೆ ಮಸಿ ಹಚ್ಚಿದರು. ಇಬ್ಬರಿಗೂ ಓದುಬರಹ ಬರುತ್ತದೆಂದು ಹೇಳಲು ನಮಗೆ ನೆನಪೇ ಆಗಲಿಲ್ಲ.

ಅದಾಗಿ ಎರಡು ತಿಂಗಳಿಗೆ, ಒಂದು ಬೆಳಿಗ್ಗೆ ಕಾಫಿ ಕುಡಿದು ಮಲಗಿದವರು ಏಳಲಿಲ್ಲ. ಐಮಂಗಲದವರು ಬಂದು ತಲೆಯ ಹತ್ತಿರ ಕೂತರು. ಮಣ್ಣು ಮಾಡುವವರೆಗೂ ಅಲ್ಲಿಂದ ಏಳಲಿಲ್ಲ, ಏಳಿ ಎಂದು ಯಾರೂ ಹೇಳಲಿಲ್ಲ.

ಅವರು ತೆಗೆದ ಸಿನಿಮಾ ಎಲ್ಲ ಸೇರಿದರೂ ಅರ್ಧ ಗಂಟೆಯಾಗುವುದಿಲ್ಲ. ಯಾವ ಪತ್ರಿಕೆಯಲ್ಲೂ ಅವರ ಬಗ್ಗೆ ಒಂದು ಸಾಲು ಬಂದಿಲ್ಲ. ಅದಕ್ಕೇ ನಾನು ಬರೆಯುತ್ತಿದ್ದೇನೆ. ಪೆನ್ಷನ್ ಬಂದ ಮೇಲೆ ನಮ್ಮೂರಿಗೆ ಹೋಗೋಣವೇ, ಅವಳೂರಿಗೆ ಹೋಗೋಣವೇ ಎಂದು ನಾವಿಬ್ಬರೂ ಕೆಲವು ದಿನ ಜಗಳವಾಡಿದೆವು. ಕೊನೆಗೆ ಇಲ್ಲೇ ಉಳಿದೆವು. ಮೊನ್ನೆ ಪುರಸಭೆಯವರು ಮನೆ ಕಂದಾಯದ ಹೊಸ ಪುಸ್ತಕ ಮಾಡಲು ಬಂದಿದ್ದರು. ಇನ್ನೂ ಮೀಸೆ ಸರಿಯಾಗಿ ಮೂಡದ ಗುಮಾಸ್ತ, ನಾನು ತಂದುಕೊಟ್ಟ ದಾನಪತ್ರವನ್ನು ನೋಡಿ ಅದರಲ್ಲಿದ್ದುದನ್ನು ಇದ್ದ ಹಾಗೆ ನಕಲು ಮಾಡಿಕೊಂಡ. "ಇಬ್ಬರೂ ಒಂದೇ ಒಲೆಯವರು, ಸರಿ ತಾನೇ ಅಜ್ಜಿ?" ಎಂದು ಕೇಳಿದ. ಒಳಗಿನಿಂದ ತಿಪ್ಪಕ್ಕ ನನಗಿಂತ ಮೊದಲೇ "ಸರಿ" ಎಂದಳು.